ಎಡಗಡೆ ಮಾತ್ರ

ಮನೆಯಿಂದ
ಗುರುವಾರ, ೧೪ನೇ ತಾರೀಖು, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಹೋಯಿತಾ? ಪ್ರೆಸ್ಸಿನ ಶಾಯಿ ವಾಸನೆಗೆ ಈಗಲೂ ತಲೆನೋವು ಬರುತ್ತದಾ? ಹೊತ್ತಿಗೆ ಸರಿಯಾಗಿ ಊಟ ಮಾಡು, ಬಿಸ್ಕತ್ತು ತಿಂದು ಮಲಗುವ ಅಭ್ಯಾಸ ಬಿಡು. ಅಮ್ಮ ಚೆನ್ನಾಗಿದ್ದಾಳೆ, ಮೊಣಕಾಲು ಮಾತ್ರ ಆಗಾಗ ಕೈಕೊಡುತ್ತದೆ. ನಾನೂ ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಆದರೆ ಬೆಳಗ್ಗೆ ಹನ್ನೊಂದರಿಂದ ನನಗೆ ಕೈಕಾಲೇ ಆಡುತ್ತಿಲ್ಲ. ನಾಲ್ಕು ಗಂಟೆಗೆ ಕೊರಿಯರ್‌ನವನು ಬರುತ್ತಾನೆ. ನಿನ್ನ ಕತ್ತೆಕಿರುಬದ ವೇಷದ ತಲೆ ಎರಡೂ ಕೆನ್ನೆ ಬಿಚ್ಚಿಕೊಂಡು ಮೇಜಿನ ಮೇಲೆ ಕೂತಿದೆ. ಬಲಗೆನ್ನೆಗೆ ಅಂಟು ಹಚ್ಚಿದ್ದೇನೆ, ಅದು ಒಣಗುವವರೆಗೆ ಎಡಗೆನ್ನೆ ಮುಟ್ಟುವ ಹಾಗಿಲ್ಲ. ಆ ಬಿಡುವಿನಲ್ಲಿ ಈ ಕಾಗದ. ಇವತ್ತು ತಪ್ಪಿದರೆ ಪ್ರಾಣಿಗಳ ವೇಷ ತೊಟ್ಟು ಸೇರುವ ನಿಮ್ಮ ಫರಿ ಬಳಗದ ಶನಿವಾರದ ಸಮ್ಮೇಳನಕ್ಕೆ ತಲೆ ತಲುಪುವುದಿಲ್ಲ.

ಮನೆ ಬಿಟ್ಟು ನಾಲ್ಕು ವರ್ಷವಾದ ಮೇಲೆ ನೀನು ನನ್ನನ್ನು ಕೇಳಿದ್ದು ಇದೊಂದನ್ನೇ. "ಅಕ್ಕಾ, ಬೇರೆ ಯಾರ ಕೈಲೂ ಬೇಡ, ನೀನೇ ಹೊಲೀಬೇಕು" ಅಂತ ಚೀಟಿ ಇಟ್ಟು ಚಿತ್ರ ಕಳಿಸಿದ್ದೆ. ದಿನವಿಡೀ ಸೋಫಾಗೆ ಕವರು ಹೊಲಿಯುವವಳು ನಾನು, ಸೋಫಾಗೆ ಮೂಗು ಕಿವಿ ಇರುವುದಿಲ್ಲ ಮಾರಾಯಾ. ಆದರೂ ಒಪ್ಪಿಕೊಂಡೆ. ನಿನ್ನ ಚಿತ್ರದ ಹಾಳೆಯನ್ನು ಬೀರುವಿನ ಬಾಗಿಲಿಗೆ ಅಂಟಿಸಿದೆ. ಅದರಲ್ಲಿ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಒಂದೊಂದು ಕತ್ತೆಕಿರುಬ, ಕೆಳಗೆ ಬಣ್ಣದ ಚೌಕಗಳು, ಯಾವ ಚುಕ್ಕೆ ಎಲ್ಲಿ ಅಂತ ಬಾಣದ ಗುರುತುಗಳು. ಕೆನ್ನೆಯ ಬಿಳಿ ಮಚ್ಚೆಯ ಪಕ್ಕ ಕೆಂಪು ಶಾಯಿಯಲ್ಲಿ "ಎಡಗಡೆ ಮಾತ್ರ" ಅಂತ ಬರೆದು ಎರಡು ಗೆರೆ ಎಳೆದಿದ್ದೆ. ಇವನದೊಂದು ರಗಳೆ ಅಂದುಕೊಂಡೆ. ಅಮ್ಮ ಅದನ್ನು ನೋಡಿ, "ಹುಲಿ ಸಿಂಹ ಯಾವ್ದೂ ಸಿಗ್ಲಿಲ್ವಂತಾ? ಹೋಗಿ ಹೋಗಿ ಕತ್ತೆಕಿರುಬ ಆಗ್ಬೇಕಿತ್ತಾ ಇವ್ನಿಗೆ" ಅಂತ ಗೊಣಗಿ ಒಳಗೆ ಹೋದಳು. ಆದರೆ ಕಸ ಗುಡಿಸುವಾಗಲೆಲ್ಲ ಆ ಹಾಳೆಯ ಮುಂದೆ ಸ್ವಲ್ಪ ನಿಲ್ಲುತ್ತಿದ್ದಳು, ನಾನು ನೋಡಿದ್ದೇನೆ.

ಈಗ ನನ್ನ ಪೆದ್ದುತನ ಕೇಳು. ತುಪ್ಪಳದ ಬಟ್ಟೆಯನ್ನು ಕತ್ತರಿಯಲ್ಲಿ ಕತ್ತರಿಸಬಾರದು, ಕೂದಲೆಲ್ಲ ತುಂಡಾಗುತ್ತದೆ. ಮಗುಚಿ ಹಾಕಿ, ಹಿಂಬದಿಯ ಬಟ್ಟೆಯನ್ನಷ್ಟೇ ಬ್ಲೇಡಿನಲ್ಲಿ ಸೀಳಬೇಕು. ಬಟ್ಟೆ ಮಗುಚಿದರೆ ಅಳತೆಯ ಕಾಗದವನ್ನೂ ಮಗುಚಬೇಕು. ನಾನು ಬಟ್ಟೆ ಮಗುಚಿದೆ, ಕಾಗದ ಮರೆತೆ. ಎಡಗೆನ್ನೆ ಅಂತ ಕತ್ತರಿಸಿದ್ದು ಬಲಗೆನ್ನೆಯಾಗಿ ಕೂತಿತು, ಅದೂ ಅಚ್ಚುಕಟ್ಟಾಗಿ, ಎಲ್ಲೂ ಸುಕ್ಕಿಲ್ಲದೆ. ಹೊಲಿದು ಮುಗಿಸಿ ನಾನೇ ತಲೆ ಹಾಕಿಕೊಂಡು ಬೀರುವಿನ ಕನ್ನಡಿ ನೋಡಿದೆ. ಚಿತ್ರದಲ್ಲಿ ಬಿಳಿ ಎತ್ತ ಇತ್ತೋ ಕನ್ನಡಿಯಲ್ಲೂ ಅತ್ತಲೇ ಕಾಣಿಸಿತು. ಕನ್ನಡಿ ಎಡಬಲ ತಿರುವುತ್ತದೆ ಅಂತ ಆಗ ಹೊಳೆಯಬೇಕಲ್ಲ. ಭೇಷ್ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅಷ್ಟರಲ್ಲಿ ಅಮ್ಮ ಒಗೆದ ಬಟ್ಟೆ ಹಿಡಿದು ಕೋಣೆಗೆ ಬಂದಳು. ನಾನು ತಲೆ ಹಾಕಿಕೊಂಡೇ ತಿರುಗಿದೆ. ಹೆದರುತ್ತಾಳೆ, ಇಲ್ಲವೇ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಬಟ್ಟೆ ಕೆಳಗಿಟ್ಟು ಹತ್ತಿರ ಬಂದು, "ಇದೇನೇ, ತಪ್ಪು ಕಡೆ ಹಾಕಿದ್ದೀಯ? ಅವ್ನ ಸುಟ್ಟ ಗಾಯ ಈ ಕಡೆ ಅಲ್ವಾ" ಅಂತ ತನ್ನ ಎಡಗೆನ್ನೆ ಮುಟ್ಟಿ ತೋರಿಸಿದಳು. ಆಮೇಲೆ ಬಂದವರಿಗೆಲ್ಲ ಹೇಳುವ ಹಾಗೇ ಹೇಳಿದಳು, "ಎಂಥ ಪುಂಡ ಇದ್ದ ನೋಡು. ಇಸ್ತ್ರಿಪೆಟ್ಟಿಗೆ ವೈರು ತಾನೇ ಎಳೆದು ಮುಖ ಸುಟ್ಕೊಂಡ." ಅದು ಹಾಗಲ್ಲ ಅಂತ ಗೊತ್ತಿರುವವರು ಈ ಪ್ರಪಂಚದಲ್ಲಿ ಇಬ್ಬರೇ, ನೀನು ಮತ್ತು ನಾನು. ಆಮೇಲೆ ಏನಾಯಿತು ಅನ್ನುವುದನ್ನು ಕೊನೆಯಲ್ಲಿ ಬರೆಯುತ್ತೇನೆ, ಧೈರ್ಯ ಉಳಿದಿದ್ದರೆ. ಅಮ್ಮ ಈಗ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದಾಳೆ.

ಮಚ್ಚೆ ಯಾವುದರ ಗುರುತು ಅಂತ ನನಗೆ ಗೊತ್ತಿರಲಿಲ್ಲ ಅಂದರೆ ಸುಳ್ಳು. ಗೊತ್ತಿಲ್ಲದವಳ ಹಾಗೆ ಇದ್ದೆ. ನೀನು ಜೊತೆಗೆ ಕಳಿಸಿದ್ದ ಫೈಲನ್ನು ಇವತ್ತೇ ಸರಿಯಾಗಿ ಬಿಡಿಸಿ ನೋಡಿದ್ದು. ನಿಮ್ಮ ಬಳಗದವರು ಬರೆದುಕೊಟ್ಟ ನಿನ್ನ ಕತ್ತೆಕಿರುಬದ ಚಿತ್ರಗಳು, ಒಂದೊಂದರ ಕೆಳಗೂ ಬರೆದವರು ಯಾರು ಅಂತ ನೀನು ಗುರುತು ಹಾಕಿದ್ದೀಯ. ದಾದಿಯೊಬ್ಬಳು ಅದಕ್ಕೆ ಕೊಡೆ ಹಿಡಿಸಿದ್ದಾಳೆ, ಲಾರಿ ಚಾಲಕನೊಬ್ಬ ತನ್ನ ಲಾರಿಯಲ್ಲೇ ಮಲಗಿಸಿದ್ದಾನೆ, ಯಾರೋ ಅಜ್ಜ ನಡುಗುವ ಕೈಯಲ್ಲಿ ಬರೀ ಪೆನ್ಸಿಲ್‌ನಿಂದ ಮುಖವಷ್ಟೇ ಬರೆದಿದ್ದಾರೆ. ಅವರಲ್ಲಿ ಎಷ್ಟು ಜನ ನಿನ್ನ ಮುಖ ನೋಡಿದ್ದಾರೋ ಏನೋ. ಆದರೆ ಆ ಬಿಳಿಯನ್ನು ಒಬ್ಬರೂ ಬಿಟ್ಟಿಲ್ಲ, ಒಬ್ಬರೂ ಮರೆಮಾಡಿಲ್ಲ. ಅಜ್ಜ ಮೊದಲು ಅದನ್ನೇ ಬರೆದು ಆಮೇಲೆ ಸುತ್ತ ಮುಖ ಬರೆದ ಹಾಗಿದೆ. ಆಮೇಲೆ ನಮ್ಮ ಮನೆಯ ಆಲ್ಬಮ್ ತೆಗೆದೆ. ಒಂದು ಫೋಟೋದಲ್ಲೂ ನಿನ್ನ ಎಡಗೆನ್ನೆ ಇಲ್ಲ ಕಣೋ. ಎಲ್ಲದರಲ್ಲೂ ನಿನ್ನನ್ನು ಓರೆಯಾಗಿ ನಿಲ್ಲಿಸಿದ್ದೇವೆ. ನನ್ನ ಮದುವೆಯ ಫೋಟೋದಲ್ಲಿ ಹಾಗೆ ನಿಲ್ಲಿಸಿದ್ದು ನಾನೇ.

ನೀನು ಹೊರಟ ದಿನ ಅಮ್ಮ, "ಮನುಷ್ಯರ ಮುಖ ಬರೆಯೋಕೆ ಬರಲ್ವಾ ನಿಂಗೆ" ಅಂತ ಹಾಳೆಗಳನ್ನು ಎಸೆದಾಗ, ನೀನು ಒಂದೊಂದೇ ಎತ್ತಿಕೊಳ್ಳುತ್ತ "ನನ್ನ ಮುಖಾನೇ ಬರೀತಿದೀನಮ್ಮಾ" ಅಂದಿದ್ದೆ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡವಳು ನಾನು.

ಸರಿ, ಕೆಲಸದ ಮಾತು. ಬಿಚ್ಚಿದ ಬಿಳಿ ತುಂಡು ಎಡಗೆನ್ನೆಯ ಆಕಾರಕ್ಕೆ ಹೊಂದಲಿಲ್ಲ, ಬೇರೆ ಬಿಳಿ ತುಪ್ಪಳ ಉಳಿದಿರಲಿಲ್ಲ, ಅಂಗಡಿಯಲ್ಲೂ ಸಿಗಲಿಲ್ಲ. ತಲೆಯ ಜೊತೆಗೆ ಹೊಲಿದಿದ್ದ ಬಾಲದ ತುದಿಯಿಂದ ಕತ್ತರಿಸಿದೆ. ಹಾಗಾಗಿ ಬಾಲದ ಬಿಳಿ ನಿನ್ನ ಚಿತ್ರದಲ್ಲಿರುವುದಕ್ಕಿಂತ ನಾಲ್ಕು ಬೆರಳು ಕಡಿಮೆ. ಬಲಗೆನ್ನೆಗೆ ಕಂದು ತುಂಡು ಹಾಕಿದ್ದೇನೆ, ಕಣ್ಣಿಗೆ ಗೊತ್ತಾಗುವುದಿಲ್ಲ, ಬೆರಳಾಡಿಸಿದರೆ ಹೊಲಿಗೆ ಸಿಗುತ್ತದೆ. ಅಂಟು ಒಣಗಿತು, ಏಳುತ್ತೇನೆ. ನಿನ್ನ ಬಳಗದವರಿಗೆಲ್ಲ ನನ್ನ ನಮಸ್ಕಾರ ಹೇಳು, ಆ ಅಜ್ಜನಿಗೆ ವಿಶೇಷವಾಗಿ. ನಿನಗೆ ಒಳ್ಳೆಯದಾಗಲಿ.

ನಿನ್ನ
ಅಕ್ಕ

ಮರೆತ ಮಾತು: ನಾಲ್ಕು ಹೊಡೆಯಿತು, ಗಾಡಿ ಬಂದು ನಿಂತಿದೆ. ಮರೆತದ್ದಲ್ಲ, ಹೆದರಿ ಉಳಿಸಿಕೊಂಡದ್ದು. ಅಮ್ಮನಿಗೆ ಹೇಳಿಬಿಟ್ಟೆ. ತಲೆ ತೆಗೆಯದೆ, ಅದರೊಳಗಿಂದಲೇ. ನನ್ನ ಮುಖ ಅವಳಿಗೆ ಕಾಣುತ್ತಿರಲಿಲ್ಲ, ಅದಕ್ಕೇ ಬಾಯಿ ಬಂತು. ವೈರು ನೀನು ಎಳೆಯಲಿಲ್ಲ, ನನ್ನ ಪುಸ್ತಕದಲ್ಲಿ ಗೀಚಿದ್ದಕ್ಕೆ ನಿನ್ನನ್ನು ಹೆದರಿಸಲು ನಾನೇ ಇಸ್ತ್ರಿಪೆಟ್ಟಿಗೆ ಮುಖದ ಹತ್ತಿರ ಹಿಡಿದೆ, ನೀನು ತಿರುಗಿದೆ. ಅಮ್ಮ ಓಡಿ ಬಂದಾಗ "ಅವ್ನೇ ಎಳೆದ" ಅಂದೆ. ಐದು ವರ್ಷದವನು ನೀನು, ಅಷ್ಟು ಉರಿಯಲ್ಲೂ ನನ್ನನ್ನು ನೋಡಿ "ಹೂಂ, ನಾನೇ ಎಳ್ದೆ" ಅಂದೆ. ಇಪ್ಪತ್ತೆರಡು ವರ್ಷ ನೀನು ಅದನ್ನೇ ಹೊತ್ತೆ. ತಪ್ಪು ನನ್ನದು ತಮ್ಮಾ, ಕ್ಷಮಿಸು ಅನ್ನಲು ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ಅಮ್ಮ ಈಗ ಹೊರಗೆ ಬಂದಿದ್ದಾಳೆ. ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಹೊಲಿಗೆಯಲ್ಲಿ ಸಿಕ್ಕಿಕೊಂಡ ಬಿಳಿ ಕೂದಲನ್ನು ತನ್ನ ಬಾಚಣಿಗೆಯಲ್ಲಿ ಒಂದೊಂದೇ ಬಿಡಿಸುತ್ತಿದ್ದಾಳೆ. ಪೆಟ್ಟಿಗೆ ಮುಚ್ಚಲು ಬಿಡುತ್ತಿಲ್ಲ. ಕೊರಿಯರ್‌ನವನು ಅವಸರ ಮಾಡಿದರೆ, "ಸ್ವಲ್ಪ ನಿಲ್ಲಪ್ಪಾ, ನನ್ನ ಮಗನ ಮುಖ ಇದು" ಅನ್ನುತ್ತಿದ್ದಾಳೆ.