ಹೊರಗಿನ ಸದಸ್ಯೆ

ಭಾನುವಾರ, ಊಟವಾದ ಮೇಲೆ

ನನ್ನ ಚಿನಕುರಳಿಗೆ,

ಅಮ್ಮನಿಂದ ಪ್ರೀತಿ, ತಲೆಗೊಂದು ಮೊಟಕು, ಆಮೇಲೆ ಮತ್ತೆ ಪ್ರೀತಿ. ಮೊಟಕು ಯಾಕೆ ಅಂತ ಮುಂದೆ ಓದಿದರೆ ತಿಳಿಯುತ್ತದೆ.

ನೀನು ಕಳಿಸಿದ ಪಾರ್ಸೆಲ್ ಗುರುವಾರ ಅಂಗಡಿಗೆ ಬಂತು. ಯಾರೋ ಗಿರಾಕಿ ಜಿಪ್ ಬದಲಾಯಿಸಲು ಪ್ಯಾಂಟು ಕಳಿಸಿರಬೇಕು ಅಂದುಕೊಂಡು ಕತ್ತರಿ ಹಾಕಿ ಬಿಚ್ಚಿದೆ. ನೋಡಿದರೆ ನಿನ್ನ ಆಟದ ಕಂಟ್ರೋಲರ್! ಹಿಡಿ ಜಾರುತ್ತದೆ ಅಂತ ನೀನು ಅತ್ತಾಗ ನಾನೇ ಅದಕ್ಕೆ ಕೆಂಪು ಬಟ್ಟೆ ಸುತ್ತಿ ಹೊಲಿದುಕೊಟ್ಟಿದ್ದೆ, ಅದೇ. ಜೊತೆಗೆ ಎರಡು ಸಾಲಿನ ಚೀಟಿ. ನನ್ನನ್ನು ಕುಟುಂಬದಿಂದ ತೆಗೆದುಹಾಕಿದ ಮೇಲೆ ಇದು ನನಗೇಕೆ, ನೀನೇ ಇಟ್ಟುಕೋ ಅಂತ ಬರೆದಿದ್ದೀಯ.

ಎರಡು ಸಲ ಓದಿದೆ. ಆಮೇಲೆ, ನಂಬಿದರೆ ನಂಬು, ಹೊಲಿಗೆ ಮೆಷಿನ್ನಿನ ಮೇಲೆ ತಲೆಯಿಟ್ಟುಕೊಂಡು ನಕ್ಕೆ. ಯಾಕೆಂದರೆ ಇಷ್ಟು ದಿನ ನಾನು, ನೀನೇ ನನ್ನನ್ನು ತೆಗೆದುಹಾಕಿದ್ದೀಯ ಅಂದುಕೊಂಡು ಕೊರಗುತ್ತಿದ್ದೆ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ನಮ್ಮಿಬ್ಬರ ಫೋನು ನಿನಗೆ ಗೊತ್ತೇ ಇದೆ, ಎರಡನೇ ಮಾತಿಗೆ ನೀನು ಏರುದನಿ, ಮೂರನೆಯದಕ್ಕೆ ನಾನು. ಕಾಗದದಲ್ಲಾದರೆ ನಡುವೆ ಬಾಯಿ ಹಾಕುವ ಹಾಗಿಲ್ಲ. ಸುಮ್ಮನೆ ಓದು.

ಮೊದಲು ಜಗಳದ ಮಾತು ಮುಗಿಸಿಬಿಡುತ್ತೇನೆ. ನನ್ನ ಹುಟ್ಟುಹಬ್ಬಕ್ಕೆ ಅಳಿಯಂದಿರು ಆಟದೊಳಗಿನ ಅಂಗಡಿಯಿಂದ ಚಿನ್ನದ ಕುದುರೆ ಕೊಂಡು ನನ್ನ ಖಾತೆಗೆ ಕಳಿಸಿದರು. ಅದರ ಬೆಲೆ ಕೇಳಿದ್ದೇ ತಡ, ನನ್ನ ನೆತ್ತಿಗೆ ರಕ್ತ ಏರಿತು. ಮನುಷ್ಯ ದಿನವಿಡೀ ಲಿಫ್ಟಿನ ಹಗ್ಗಗಳ ನಡುವೆ ಗ್ರೀಸ್ ಮೆತ್ತಿಕೊಂಡು ದುಡಿದ ದುಡ್ಡು ಅದು. ಹುಲ್ಲು ತಿನ್ನದ, ಲದ್ದಿ ಹಾಕದ ಒಂದು ಚಿತ್ರಕ್ಕೆ ಅಷ್ಟು ಸುರಿಯುವುದೇ? ಬಂದವರೆಲ್ಲರ ಮುಂದೆ, ಇಂಥ ಕಳ್ಳರ ಜೇಬು ತುಂಬಿಸೋಕೆ ನಿಮಗೆ ಬುದ್ಧಿ ಬೇಡ್ವಾ ಅಂದುಬಿಟ್ಟೆ. ಅವರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ನೀನು ಚೀಲ ಎತ್ತಿಕೊಂಡೆ. ನಾನು ಬೈದದ್ದು ಆಟದ ಕಂಪನಿಯನ್ನು, ಏಟು ಬಿದ್ದದ್ದು ಅವರಿಗೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ, ಇಲ್ಲಿ ಅತ್ತೆಯ ಕೋಪವೇ ಅಳಿಯನ ಮೇಲೆ ಬಿತ್ತು. ಅವರಿಗೆ ಬೇರೆ ಚೀಟಿ ಬರೆದು ಇದರ ಜೊತೆ ಇಟ್ಟಿದ್ದೇನೆ. ನೀನು ಓದಬೇಡ.

ಆದರೆ ನನ್ನ ಸಿಟ್ಟು ಆ ದಿನದ್ದಲ್ಲ ಮಗಳೇ, ಅದಕ್ಕೆ ವರ್ಷಗಳೇ ಆದವು. ನಾವು ಆಡುವ ಈ ಕಣಿವೆ ಆಟವನ್ನು ಮೊದಲು ಮನೆಗೆ ತಂದಾಗ ನಿನ್ನ ಕಾಲಿಗೆ ಪ್ಲಾಸ್ಟರ್ ಇತ್ತು. ಹುಡುಗಿ ಮಂಚದ ಮೇಲೆ ತೆಪ್ಪಗಿರಲಿ ಅಂತ ತಂದದ್ದು. ಪ್ಲಾಸ್ಟರ್ ಬಿಚ್ಚಿದ ದಿನವೇ ನೀನು ಬೀದಿಗೆ ಓಡಿದೆ, ನಾನು ಕಣಿವೆಯಲ್ಲೇ ಉಳಿದುಬಿಟ್ಟೆ. ಆಗ ಅಂಗಡಿಗೆ ಹೋಗಿ ಡಿಸ್ಕ್ ಕೊಂಡರೆ ಮುಗಿಯಿತು, ಆಟ ನಮ್ಮದು. ಹೊಳೆ, ಮೀನು, ಚಳಿಗಾಲ ಎಲ್ಲ ಅದರಲ್ಲೇ. ಬೇಕಾದವರಿಗೆ ಎರವಲು ಕೊಡಬಹುದಿತ್ತು. ಪಕ್ಕದ ಬೀಗ ರಿಪೇರಿಯವರು ಒಯ್ದವರು ವರ್ಷಗಟ್ಟಲೆ ಕೊಡಲಿಲ್ಲ, ಅದು ಬೇರೆ ಮಾತು.

ಈಗ ಬಂದಿರುವ ಕಣಿವೆಯ ಮೂರನೇ ಭಾಗಕ್ಕೆ ಡಿಸ್ಕೂ ಇಲ್ಲ, ಮಣ್ಣೂ ಇಲ್ಲ. ತಿಂಗಳು ತಿಂಗಳು ಬಾಡಿಗೆ. ಅದರ ಮೇಲೆ ಹೊಳೆಯಲ್ಲಿ ಗಾಳ ಹಾಕಲು ಬೇರೆ ದುಡ್ಡು, ಹಿಮ ಬೀಳುವುದನ್ನು ನೋಡಲು ಬೇರೆ ದುಡ್ಡು. ಒಳಗೇನಿದೆ ಅಂತ ಹೇಳದೆ ಮಾರುವ ಅದೃಷ್ಟದ ಪೆಟ್ಟಿಗೆ ಇನ್ನೊಂದು. ನಾನು ಅಂಗಿ ಹೊಲಿದುಕೊಟ್ಟು, ತೋಳು ಬೇಕಿದ್ದರೆ ಮುಂದಿನ ತಿಂಗಳು ದುಡ್ಡು ತನ್ನಿ ಅಂದರೆ ಗಿರಾಕಿ ಆ ಅಂಗಿಯನ್ನು ನನ್ನ ಮುಖಕ್ಕೇ ಎಸೆಯುತ್ತಾನೆ. ಇವರಿಗೆ ನಾನು ಎಷ್ಟು ಸಲ ಬರೆದರೂ ಒಂದೇ ಉತ್ತರ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಅಂತ. ಅಮೂಲ್ಯ ಅಂದರೆ ಅದಕ್ಕೆ ಮೂರು ಕಾಸಿನ ಬೆಲೆಯೂ ಇಲ್ಲ ಅಂತ ಈಗ ಅರ್ಥವಾಯಿತು. ಹಾಗಾದರೆ ಬಿಡಬಾರದೇಕೆ ಅಂತ ನೀನು ಕೇಳುತ್ತಿದ್ದೆ. ಕೇಳಿದಾಗಲೆಲ್ಲ ನಾನು ಮಾತು ತೇಲಿಸುತ್ತಿದ್ದೆ.

ಬಿಡದಿದ್ದದ್ದು ಕಣಿವೆಗಾಗಿ ಅಲ್ಲ. ನೀನು ಬೆಳಗಿನ ಮೊದಲ ಬಸ್ ಓಡಿಸಿ, ಡಿಪೋದಲ್ಲಿ ಬಸ್ ಒಪ್ಪಿಸಿ, ಮನೆಗೆ ಹೋಗಿ ಉಂಡು ಆಟಕ್ಕೆ ಕೂರುತ್ತೀಯ. ಅದೇ ಹೊತ್ತಿಗೆ ನಾನು ಅಂಗಡಿಯ ಶಟರ್ ಅರ್ಧ ಇಳಿಸಿ ಹಿಂದಿನ ಕೋಣೆಯಲ್ಲಿ ಟಿವಿ ಹಾಕುತ್ತೇನೆ. ನನ್ನ ಖಾತೆಯ ಕೆಳಗೆ ನಾವಿಬ್ಬರೂ ಇರುವ ಆಟದ ಕುಟುಂಬದ ಪಟ್ಟಿಯಲ್ಲಿ ನಿನ್ನ ಹೆಸರಿನ ಪಕ್ಕ ಒಂದು ಹಸಿರು ಚುಕ್ಕಿ ಹೊತ್ತಿಕೊಳ್ಳುತ್ತದೆ. ಬಸ್ಸು ಎಲ್ಲೂ ಗುದ್ದಲಿಲ್ಲ, ಮಗಳು ಮನೆ ಸೇರಿದಳು, ಹೊಟ್ಟೆಗೆ ಏನೋ ಬಿತ್ತು. ಅಷ್ಟು ತಿಳಿದರೆ ನನಗೆ ಮಧ್ಯಾಹ್ನದ ಹೊಲಿಗೆ ನೆಟ್ಟಗೆ ಬೀಳುತ್ತದೆ. ಜಗಳವಾಡಿ ಮಾತು ಬಿಟ್ಟ ಮೇಲೂ ಚುಕ್ಕಿ ಹೊತ್ತುತ್ತಿತ್ತು. ಮುನಿಸಿಕೊಂಡರೂ ಬಾಗಿಲು ಹಾಕಿಲ್ಲವಲ್ಲ ಅಂತ ಧೈರ್ಯವಾಗಿದ್ದೆ.

ಒಂದು ದಿನ ಚುಕ್ಕಿ ಇಲ್ಲ. ಹೆಸರೇ ಇಲ್ಲ. ಸರಿ, ಕುದುರೆಯ ಸೇಡು ತೀರಿಸಿಕೊಂಡಳು ಅಂದುಕೊಂಡೆ. ನಾನೂ ಹಟಮಾರಿ, ಕೇಳಲು ಹೋಗಲಿಲ್ಲ. ಹಟ ಎಷ್ಟು ಚೆನ್ನಾಗಿ ನಡೆಯಿತು ಅಂದರೆ, ಒಬ್ಬ ವಕೀಲರ ಕೋಟಿಗೆ ಎರಡೂ ಎಡಗೈ ತೋಳು ಹೊಲಿದುಬಿಟ್ಟೆ. ನಿಮ್ಮ ಡಿಪೋ ಕಡೆ ಹೋಗುವ ಬಸ್ಸಿನವರನ್ನು, ಮೊದಲ ಬಸ್ ಇವತ್ತು ಹೊರಟಿತ್ತಾ ಅಂತ ಸುಮ್ಮನೆ ಕೇಳುವ ಹಾಗೆ ಕೇಳುತ್ತಿದ್ದೆ. ಅವರು ನನಗೆ ಬಸ್ಸಿನ ಹುಚ್ಚು ಹಿಡಿದಿದೆ ಅಂದುಕೊಂಡಿರಬೇಕು.

ನಿನ್ನ ಚೀಟಿ ಓದಿದ ಮೇಲೆ ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದೆ. ಒಂದು ಒತ್ತಿ, ಎರಡು ಒತ್ತಿ, ಸಂಗೀತ ಕೇಳಿ. ಎರಡು ಪ್ಯಾಂಟಿನ ಅಂಚು ಮಡಿಸಿ ಹೊಲಿದು ಮುಗಿಸುವಷ್ಟರಲ್ಲಿ ಒಬ್ಬ ಹುಡುಗಿ ಸಿಕ್ಕಳು. ನನ್ನ ಮಗಳನ್ನ ಯಾರಮ್ಮಾ ಮನೆಯಿಂದ ಹೊರಗೆ ಹಾಕಿದ್ದು ಅಂದೆ. ಪಾಪ, ಹೆದರಿ ಪೊಲೀಸರಿಗೆ ಫೋನ್ ಮಾಡಿ ಅಮ್ಮಾ ಅಂದಳು. ಬಿಡಿಸಿ ಹೇಳಿದ ಮೇಲೆ ನೋಡಿ ಹೇಳಿದಳು. ಹೊಸ ನಿಯಮ ಬಂದಿದೆಯಂತೆ. ಕುಟುಂಬ ಅಂದರೆ ಒಂದೇ ಸೂರಿನಡಿ ಇರುವವರು ಮಾತ್ರ. ಎಲ್ಲರೂ ತಿಂಗಳಿಗೆ ಒಮ್ಮೆಯಾದರೂ ತಮ್ಮ ಆಟದ ಪೆಟ್ಟಿಗೆಯನ್ನು ಯಜಮಾನರ, ಅಂದರೆ ದುಡ್ಡು ಕಟ್ಟುವ ನನ್ನ, ಮನೆಯ ಇಂಟರ್‌ನೆಟ್‌ಗೆ ಜೋಡಿಸಬೇಕು. ಇಲ್ಲದಿದ್ದರೆ ಯಂತ್ರವೇ ಹೆಸರು ಅಳಿಸಿ, ಕುಟುಂಬದ ಯಜಮಾನರು ನಿಮ್ಮನ್ನು ತೆಗೆದುಹಾಕಿದ್ದಾರೆ ಅಂತ ಮೆಸೇಜು ಕಳಿಸುತ್ತದೆ. ಅದನ್ನ ಯಾರೂ ಬರೆದಿಲ್ಲ ಅಮ್ಮಾ, ತಾನಾಗೇ ಹೋಗುತ್ತೆ ಅಂದಳು.

ಅಬ್ಬಾ! ಎದೆಯ ಮೇಲಿಂದ ಇಸ್ತ್ರಿಪೆಟ್ಟಿಗೆ ಇಳಿಸಿದ ಹಾಗಾಯಿತು. ನೀನಲ್ಲ, ನಾನಲ್ಲ. ಯಾವುದೋ ಯಂತ್ರ ನಮ್ಮಿಬ್ಬರ ಹೆಸರಲ್ಲಿ ಜಗಳವಾಡಿದೆ. ಖುಷಿಗೆ ಆ ಹುಡುಗಿಗೆ ಬೈಯುವುದನ್ನೇ ಮರೆತೆ. ಆಮೇಲೆ ಅವಳು ಮೆಲ್ಲಗೆ, ನಿಯಮಕ್ಕೆ ನೀವೇ ಒಪ್ಪಿಗೆ ಒತ್ತಿದ್ದೀರಲ್ಲ ಅಮ್ಮಾ ಅಂದಳು. ಒತ್ತಿದ್ದೆ ಕಣೇ. ಆಟದ ಹೊಳೆಗೆ ದೊಡ್ಡ ಮೀನು ಬರುವ ದಿನ, ಪರದೆಯ ತುಂಬ ಇರುವೆ ಸಾಲಿನಂಥ ಅಕ್ಷರ ಬಂತು, ಓದದೆ ಒಪ್ಪಿದೆ ಅಂತ ಒತ್ತಿದೆ. ಇಡೀ ಬೀದಿಗೆ ಕಂಪನಿಯ ಮೋಸ ಬಿಡಿಸಿ ಹೇಳುವ ನಾನು ಒಂದು ಮೀನಿಗಾಗಿ ಮಗಳನ್ನು ಬರೆದುಕೊಟ್ಟೆ. ನಗಬೇಕೆನಿಸಿದರೆ ನಗು, ಅಳಿಯಂದಿರಿಗೂ ಹೇಳು.

ಮತ್ತೆ ಸೇರಿಸಲು ಏನು ಮಾಡಬೇಕು ಅಂದೆ. ಬೇರೆ ಮನೆಯಲ್ಲಿ ಇದ್ದರೆ ಹೊರಗಿನ ಸದಸ್ಯೆ ಅಂತ ಸೇರಿಸಬಹುದು, ಅದಕ್ಕೆ ತಿಂಗಳಿಗೆ ಇಷ್ಟು ಹೆಚ್ಚುವರಿ ಅಂದಳು. ನಿನ್ನ ಮದುವೆಯಲ್ಲಿ ನನ್ನ ಚಿಕ್ಕಮ್ಮ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂದಾಗ ನಾನು ಅವರ ಬಾಯಿ ಮುಚ್ಚಿಸಿದ್ದು ನಿನಗೆ ನೆನಪಿದೆಯಲ್ಲ. ಚಿಕ್ಕಮ್ಮ ಪಾಪ ಪುಕ್ಕಟೆ ಅಂದಿದ್ದರು. ಇವರು ಅದೇ ಮಾತಿಗೆ ಬಾಡಿಗೆ ಕೇಳುತ್ತಾರೆ! ನನ್ನ ಮಗಳು ಯಾವ ಮನೆಯಲ್ಲಿದ್ದರೂ ಒಳಗಿನವಳೇ, ಆ ಜಾಗ ಬೇಡವೇ ಬೇಡ ಅಂದೆ. ಎಷ್ಟು ವಾದಿಸಿದರೂ ಆ ಹುಡುಗಿ ನಿಯಮ ಸಡಿಲಿಸಲಿಲ್ಲ. ಅವಳ ತಪ್ಪೇನಿದೆ, ಸಂಬಳಕ್ಕೆ ಕೂತವಳು.

ಹಾಗಾಗಿ ಬೇರೆ ದಾರಿಯಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ನಿನ್ನ ಆಟದ ಪೆಟ್ಟಿಗೆ ಹೊತ್ತುಕೊಂಡು ಇಲ್ಲಿಗೆ ಬರಲೇಬೇಕು. ಜೋಡಿಸಲು ಎರಡು ನಿಮಿಷ ಸಾಕಂತೆ, ಆದರೆ ಊಟ ಮಾಡಿಕೊಂಡು ಹೋಗು. ಅಳಿಯಂದಿರನ್ನೂ ಕರೆದುಕೊಂಡು ಬಾ. ಅವರ ಪ್ಯಾಂಟುಗಳ ಮೊಣಕಾಲು ಹರಿದಿರುತ್ತದೆ, ತರಲಿ, ತೇಪೆ ಹಾಕಿಕೊಡುತ್ತೇನೆ. ಚಿನ್ನದ ಕುದುರೆಯನ್ನು ಶುಕ್ರವಾರ ಲಾಯದಿಂದ ಹೊರಗೆ ತೆಗೆದೆ. ಸುಳ್ಳು ಯಾಕೆ ಹೇಳಲಿ, ಹಾಳಾದ್ದು ಚೆನ್ನಾಗಿ ಓಡುತ್ತದೆ.

ಕಂಟ್ರೋಲರ್ ಇಲ್ಲೇ ಇರಲಿ. ಕೆಂಪು ಬಟ್ಟೆ ಮಾಸಿತ್ತು, ಬಿಚ್ಚಿ ಹೊಸದು ಸುತ್ತಿದ್ದೇನೆ. ನೀನೇ ಬಂದು ತೆಗೆದುಕೊಂಡು ಹೋಗು. ಬಸ್ ನಿಧಾನವಾಗಿ ಓಡಿಸು.

ಇಷ್ಟು ದಿನ ಸುಮ್ಮನೆ ಕೊರಗಿದ, ಈಗ ಹಗುರಾದ,
ನಿನ್ನ ಅಮ್ಮ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡು ಲಕೋಟೆ ಅಂಟಿಸಿಯೂ ಆಗಿತ್ತು, ಮನಸ್ಸು ತಡೆಯದೆ ಬಿಚ್ಚಿದೆ. ನಿನ್ನೆ ಆ ಹುಡುಗಿಯ ಮೇಲಿನವರು ತಾವಾಗಿ ಫೋನ್ ಮಾಡಿದ್ದರು. ನೀವು ಇಷ್ಟು ಹಳೆಯ ಗ್ರಾಹಕರು, ನಿಮಗೋಸ್ಕರ ನಿಯಮ ಸಡಿಲಿಸಿದ್ದೇವೆ, ಮಗಳು ಅಲ್ಲಿಂದಲೇ ಆಡಲಿ, ಹೆಚ್ಚಿಗೆ ದುಡ್ಡೂ ಬೇಡ, ತಿಂಗಳು ತಿಂಗಳು ನಿಮ್ಮ ಮನೆಗೆ ಬರುವ ಕಷ್ಟವೂ ಬೇಡ ಅಂದರು. ಇಷ್ಟು ವರ್ಷದಲ್ಲಿ ಆ ಕಂಪನಿ ನನಗೆ ಪುಕ್ಕಟೆ ಕೊಡಲು ಬಂದದ್ದು ಅದೊಂದೇ. ನಾನು ಬೇಡ ಅಂದೆ. ನಿಯಮ ಅಂದ ಮೇಲೆ ಎಲ್ಲರಿಗೂ ಒಂದೇ ಇರಬೇಕು ಅಂತ ಹೇಳಿ ಫೋನ್ ಇಟ್ಟುಬಿಟ್ಟೆ.