ನಾಗಕ್ಕನ ಹಾಡು, ನಿನ್ನ ಹೆಸರು

ಮಧುಗಿರಿ,
೧೮-೨-೧೯೩೭

ಪ್ರೀತಿಯ ತಮ್ಮ ಚನ್ನಮಲ್ಲಯ್ಯನಿಗೆ ನಿನ್ನ ಅಣ್ಣ ಮಾಡುವ ಆಶೀರ್ವಾದ.

ಮೈಸೂರಿನ ಚಳಿಗೆ ನಿನ್ನ ಉಬ್ಬಸ ಮತ್ತೆ ಕಾಣಿಸಿಕೊಂಡಿತೇ? ನಾನು ಕಳಿಸಿದ ಕಂಬಳಿ ಹೊದೆಯುತ್ತೀಯೋ, ಜೊತೆಯವರು ನಗುತ್ತಾರೆಂದು ಪೆಟ್ಟಿಗೆಯ ತಳಕ್ಕೆ ಹಾಕಿದ್ದೀಯೋ? ನನಗೆ ಕೆಮ್ಮೊಂದು ಬಿಟ್ಟರೆ ತೊಂದರೆಯಿಲ್ಲ. ಸ್ಕೂಲು ಮುಗಿಸಿ ಬಂದು ಬಾಗಿಲು ತೆಗೆದರೆ ಬೆಳಿಗ್ಗೆ ಇಟ್ಟ ಚೊಂಬು ಇಟ್ಟಲ್ಲೇ ಇರುತ್ತದೆ. ನಿನ್ನ ಅತ್ತಿಗೆ ತೀರಿಹೋಗಿ ನಾಲ್ಕು ವರ್ಷವಾಯಿತು, ಇದು ಅಭ್ಯಾಸವಾಗಬೇಕಿತ್ತು, ಆಗಿಲ್ಲ.

ವಿಷಯಕ್ಕೆ ಬರುತ್ತೇನೆ. ಕಳೆದ ಜನವರಿಯಲ್ಲಿ, ನಿನ್ನ ಕಾಲೇಜಿನ ಪತ್ರಿಕೆಯಲ್ಲಿ, ಹನ್ನೊಂದನೆಯ ಪುಟದಿಂದ ಹದಿನೆಂಟರವರೆಗೆ, ನೀನು ಕಳ್ಳತನ ಮಾಡಿದ್ದೀಯೆ. ಬೇರೆ ಮೃದುವಾದ ಮಾತು ಹುಡುಕಿದೆ, ಸಿಗಲಿಲ್ಲ. ‘ಕುರಿಗಾರರ ಹಾಡುಗಳು’ ಎಂಬ ನಿನ್ನ ಪ್ರಬಂಧಕ್ಕೆ ಬಹುಮಾನ ಬಂದಿದೆಯೆಂದು ಪತ್ರಿಕೆ ಕೈಸೇರಿದ ದಿನ ಓದುವ ಕೋಣೆಯಲ್ಲಿ ಕೂತವರಿಗೆಲ್ಲ ನಾನೇ ಹೆಮ್ಮೆಯಿಂದ ತೋರಿಸಿದೆ. ಆಮೇಲೆ ಓದಿದೆ. ‘ಐ.ಡಿ.ಹಳ್ಳಿಯ ಸುತ್ತಿನ ಹಟ್ಟಿಗಳಲ್ಲಿ ತಿಂಗಳುಗಟ್ಟಲೆ ತಿರುಗಿ ಈ ಹಾಡುಗಳನ್ನು ಸಂಗ್ರಹಿಸಿದೆನು’ ಎಂದು ಬರೆದಿದ್ದೀಯೆ. ದಸರಾ ರಜೆಯಲ್ಲಿ ಬಂದಾಗ ನೀನು ಊರ ಬಾವಿಯಿಂದಾಚೆ ಹೋದವನಲ್ಲ. ಹೊರಡುವ ದಿನ ಓದಿ ಕಳಿಸುತ್ತೇನೆಂದು ನನ್ನ ನೋಟ್‌ಬುಕ್ ಕೇಳಿ ಕೊಂಡೊಯ್ದೆ, ಅಷ್ಟೆ.

ನನಗೆ ಬೇರೆ ಸಾಕ್ಷಿಯೂ ಬೇಕಿಲ್ಲ. ತಾಯಿ ಸತ್ತ ಮರಿಯನ್ನು ಬೇರೊಂದು ಕುರಿ ಹತ್ತಿರ ಬಿಟ್ಟುಕೊಳ್ಳಲೆಂದು ಹಾಡುವ ಹಾಡನ್ನು, ಉಣ್ಣೆ ಕತ್ತರಿಸುವಾಗ ಹಾಡುತ್ತಾರೆಂದು ನಾನು ತಪ್ಪಾಗಿ ಬರೆದುಕೊಂಡಿದ್ದೆ. ದೀಪಾವಳಿಯ ಮೇಲೆ, ಆ ಹಾಡುಗಳನ್ನು ನನಗೆ ಹೇಳಿದ ಹಟ್ಟಿಯ ನಾಗಕ್ಕನಿಗೆ ಅದನ್ನು ನೆನಪಿನಿಂದ ಹೇಳಿದಾಗ ಬಿದ್ದು ಬಿದ್ದು ನಕ್ಕಳು. “ಅಯ್ಯೋ ಮೇಷ್ಟ್ರೇ, ಕತ್ರಿ ಹಿಡ್ಕಂಡು ಯಾರಾನಾ ಹಾಡ್ತಾರಾ? ಕುರಿ ಚರ್ಮನೂ ಕಿತ್ಕಂಡ್ ಬತ್ತದೆ, ನಮ್ ಬೆಳ್ಳೂ ಬತ್ತದೆ!” ಅಷ್ಟರಲ್ಲಿ ನೋಟ್‌ಬುಕ್ ನಿನ್ನ ಬಳಿ ಇತ್ತು. ನನ್ನ ತಪ್ಪು ಈಗ ನಿನ್ನ ಹೆಸರಿನಲ್ಲಿ ಅಚ್ಚಾಗಿದೆ.

ನನ್ನದನ್ನು ಬಿಡು. ಆದರೆ ಪುಟದ ಕೆಳಗೆ ನಾಲ್ಕು ಇಂಗ್ಲಿಷ್ ಪುಸ್ತಕಗಳ ಹೆಸರು, ಬರೆದ ದೊರೆಗಳ ಹೆಸರು, ಪುಟಸಂಖ್ಯೆ ಎಲ್ಲವನ್ನೂ ಒಪ್ಪವಾಗಿ ಕೊಟ್ಟಿದ್ದೀಯೆ. ಯಾರಿಂದ ಪಡೆದದ್ದೆಂದು ಹೇಳಬೇಕಾದ ರೀತಿ ನಿನಗೆ ತಿಳಿಯದೆ ಇಲ್ಲ. ಹಟ್ಟಿಯ ಹೆಂಗಸಿಗೆ ಅದು ಸಲ್ಲುವುದಿಲ್ಲವೆಂದು ನಿನಗೆ ಹೇಳಿಕೊಟ್ಟವರು ಯಾರು? ಹಟ್ಟಿಯವರಲ್ಲಿ ಕಲಿಸಿದವರ ಹೆಸರೆತ್ತದೆ ಯಾರೂ ಬಾಯಿ ತೆರೆಯುವುದಿಲ್ಲ. “ಇದು ನಮ್ಮವ್ವ ಪುಟ್ಟಕ್ಕ ಕೊಟ್ಟಿದ್ದು, ಅವ್ಳಿಗೆ ಅವ್ಳತ್ತೆ ಕೊಟ್ಟಿದ್ದು” ಎಂದು ಹೇಳಿಯೇ ನಾಗಕ್ಕ ಶುರುಮಾಡುತ್ತಾಳೆ. ಹಾಗೆ ಹೇಳದೆ ಹಾಡಿದರೆ ಉಳಿದವರು ಎದ್ದುಹೋಗುತ್ತಾರಂತೆ. ಪ್ರತಿ ಹಾಡಿನ ಮೇಲೆ ಆ ಮಾತನ್ನು ನಾನು ಬರೆದಿದ್ದೆ. ನೀನು ಅದೊಂದನ್ನೇ ಕತ್ತರಿಸಿದ್ದೀಯೆ.

ನೀನಿನ್ನೂ ಹುಟ್ಟಿರಲಿಲ್ಲ, ೧೯೧೨ರ ಮಾತು. ಸಿರಾ ಸೀಮೆಯ ಹೊಲಗಳಲ್ಲಿ ನಮ್ಮ ಅಪ್ಪ ಬಿಸಿಲಲ್ಲಿ ತಿರುಗಿ ವೀರಗಲ್ಲುಗಳ ಪಟ್ಟಿ ಮಾಡಿದ್ದರು. ಹೊರಗಿನಿಂದ ಬಂದ ಪಂಡಿತರೊಬ್ಬರು ನಮ್ಮ ಮನೆಯಲ್ಲಿ ಎರಡು ದಿನ ಊಟಮಾಡಿ ಆ ಪಟ್ಟಿ ಒಯ್ದರು. ಪುಸ್ತಕ ಬಂದಾಗ ತಮ್ಮ ಹೆಸರಿದೆಯೇ ಎಂದು ಅಪ್ಪ ಅದನ್ನು ಮೊದಲಿನಿಂದ ಕೊನೆಯವರೆಗೆ ಮೂರು ಸಲ ತಿರುವಿದರು. ಆಮೇಲೆ ಎದ್ದುಹೋಗಿ ದನಗಳಿಗೆ ನೀರು ಕುಡಿಸಿದರು. ತೀರಿಕೊಳ್ಳುವವರೆಗೂ ಮತ್ತೊಂದು ಸಾಲು ಬರೆಯಲಿಲ್ಲ. ನನಗಾಗ ಹನ್ನೆರಡು ವರ್ಷ.

ನಾಗಕ್ಕ ಪ್ರತಿ ಸಂತೆಯ ದಿನ ಕಂಬಳಿ ಮಾರಿ ನಮ್ಮ ಜಗಲಿಯಲ್ಲಿ ಕೂತು ಹೋಗುತ್ತಿದ್ದಳು. ಅವಳ ಮಾತು, ಬೈಗಳು, ಹಾಡು, ವಾರಕ್ಕೊಮ್ಮೆ ಈ ಮನೆಗೆ ಬರುತ್ತಿದ್ದ ಸದ್ದು ಅದೊಂದೇ. ಹೋದ ತಿಂಗಳು ಪತ್ರಿಕೆಯ ಸುದ್ದಿ ಕೇಳಿ ಬಂದಳು. “ಓದಾಕ್ ಬರಲ್ಲ ನಂಗೆ. ನಮ್ಮವ್ವನ ಹೆಸ್ರು ಎಲ್ಲದೆ, ಬೆಳ್ಳಿಟ್ಟು ತೋರ್ಸಿ” ಎಂದಳು. ನಾನು ಸುಳ್ಳು ಹೇಳಬಹುದಿತ್ತು. ಇಲ್ಲವೆಂದೆ. ನೀನು ಹಟ್ಟಿ ತಿರುಗಿದ ಕಥೆಯನ್ನೂ ಹೇಳಿದೆ. “ಯಾವಾಗ್ ಬಂದಿದ್ನಪ್ಪ ನಿಮ್ ತಮ್ಮ? ನಮ್ ನಾಯಿಗೂ ಕಾಣ್ದಂಗೆ ಬಂದಿದ್ನಾ?” ಎಂದು ನಕ್ಕಳು. ಆ ನಗು ಹಿಂದಿನ ನಗುವಾಗಿರಲಿಲ್ಲ. ಅಲ್ಲಿಂದೀಚೆಗೆ ನಾಲ್ಕು ಸಂತೆ ಕಳೆದವು. ನಮ್ಮ ಬೀದಿಯಲ್ಲೇ ಹೋಗುತ್ತಾಳೆ, ತಿರುಗಿ ನೋಡುವುದಿಲ್ಲ. ಕರೆಯಲು ನನಗೆ ಬಾಯಿ ಬರುವುದಿಲ್ಲ.

ಔಷಧಿ ತಪ್ಪಿಸಬೇಡ. ಪರೀಕ್ಷೆಗೆ ಚೆನ್ನಾಗಿ ಓದು. ಶಿವ ನಿನಗೆ ಒಳ್ಳೆಯ ಬುದ್ಧಿ, ಆಯುಸ್ಸು ಕೊಡಲಿ.

ನಿನ್ನ ಅಣ್ಣ,
ರೇಣುಕಯ್ಯ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ಕ್ಷಮೆ ಕೇಳಿ ನನಗೆ ಕಾಗದ ಬರೆಯಬೇಡ, ಅದನ್ನು ಓದಿಕೊಂಡು ನಾನೇನು ಮಾಡಲಿ? ಯುಗಾದಿಯ ಸಂಚಿಕೆಯಲ್ಲಿ, ಪ್ರಬಂಧ ಬಂದಷ್ಟೇ ದೊಡ್ಡ ಅಕ್ಷರದಲ್ಲಿ, ‘ಈ ಹಾಡುಗಳು ಪುಟ್ಟಕ್ಕನವು, ಹೇಳಿದವಳು ಅವಳ ಮಗಳು ನಾಗಕ್ಕ, ನಾನು ಹಟ್ಟಿಗೆ ಕಾಲಿಟ್ಟವನಲ್ಲ’ ಎಂದು ನಿನ್ನ ರುಜು ಹಾಕಿ ಅಚ್ಚುಮಾಡಿಸು. ನೀನು ಬರೆಯದಿದ್ದರೆ ಸಂಪಾದಕರಿಗೆ ನಾನು ಬರೆಯುತ್ತೇನೆ. ನಾನು ಯಾರ ಹೆಸರನ್ನೂ ಬಿಡುವುದಿಲ್ಲ, ನಿನ್ನದನ್ನೂ. ಎಂಟು ಪುಟ ಎಲ್ಲರ ಮುಂದೆ ಬರೆದೆಯಲ್ಲ, ಉತ್ತರವನ್ನೂ ಅಲ್ಲೇ, ಎಲ್ಲರ ಮುಂದೆ ಕೊಡು.