ಕುಂಕುಮದಡಿಯ ಕೆಂಪು ದೀಪ

ಇಳಕಲ್ಲು, ಕ್ವಾರಿಮನೆಗಳ ಮೂರನೆಯ ಮೆಟ್ಟಿಲು
ಇಸವಿ ೨೨೪೧, ಆಶ್ವಯುಜದ ಮೂವತ್ತೆರಡನೆಯ ದಿನ

ನನಗಿಂತ ಇನ್ನೂರು ವರ್ಷ ಹಿರಿಯರಾದ ನಿಮಗೆ ದಾಕ್ಷಾಯಣಿಯ ನಮಸ್ಕಾರಗಳು.

ತಿಂಗಳಿಗೆ ಮೂವತ್ತೆರಡು ದಿನ ಎಲ್ಲಿಂದ ಬಂದವು ಎಂದು ಹುಬ್ಬೇರಿಸಬೇಡಿ. ಬೇಸಿಗೆ ಬೆಳೆದಂತೆ ನಮ್ಮವರು ಪಂಚಾಂಗವನ್ನೂ ಎಳೆದು ಉದ್ದ ಮಾಡಿದ್ದಾರೆ. ಚಂದ್ರ ಮಾತ್ರ ಅದಕ್ಕೆ ಒಪ್ಪಿಲ್ಲ, ಹುಣ್ಣಿಮೆ ತನ್ನ ಪಾಡಿಗೆ ತಾನು ಬರುತ್ತದೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ಇಲ್ಲಿನ ವಾಚನಾಲಯದಲ್ಲಿ ಉಳಿದಿರುವ ಮದುವೆ ಕರೆಯೋಲೆಗಳಿಂದಲೂ ಎರಡು ಅಡುಗೆ ಪುಸ್ತಕಗಳಿಂದಲೂ ಕಲಿತಿದ್ದೇನೆ. ಎಲ್ಲಾದರೂ ‘ಸಕುಟುಂಬ ಸಪರಿವಾರ’ ಎಂದೋ ‘ರುಚಿಗೆ ತಕ್ಕಷ್ಟು’ ಎಂದೋ ನುಸುಳಿದರೆ ತಪ್ಪು ಅವುಗಳದ್ದು.

ಈ ಕಾಗದ ಹಿನ್ನಂಚೆಯಲ್ಲಿ ಬರುತ್ತಿದೆ. ಹಿನ್ನಂಚೆಯೆಂದರೆ ಕಳೆದ ಕಾಲಕ್ಕೆ ಓಲೆ ಕಳಿಸುವ ಕಚೇರಿ. ಒಬ್ಬರಿಗೆ ಜನ್ಮದಲ್ಲಿ ಒಂದೇ ಓಲೆ, ಅದೂ ಇನ್ನೂರು ವರ್ಷಕ್ಕಿಂತ ಈಚೆಗೆ ಹೋಗುವುದಿಲ್ಲ. ಹೋದ ವಾರಕ್ಕೆ ಕಳಿಸಿಕೊಡಿ ಎಂದು ಗೋಗರೆದೆ. ಅಲ್ಲಿ ಕೂತಿದ್ದ ಹೆಂಗಸು ಕನ್ನಡಕ ತೆಗೆದು, “ಎಲ್ಲಾರೂ ಹೋದ ವಾರಾನ ಕೇಳ್ತಾರವ್ವಾ, ಅದು ಆಗೂದಿಲ್ಲ” ಎಂದಳು. ಉಳಿದವರು ನಿಮಗೆ ನದಿ, ಕಾಡು, ಯುದ್ಧಗಳ ಬಗ್ಗೆ ಎಚ್ಚರಿಕೆ ಬರೆಯುತ್ತಾರಂತೆ. ನಾನು ಒಂದು ತಂತಿಯ ಬಗ್ಗೆ ಬರೆಯುತ್ತಿದ್ದೇನೆ. ಆ ತಂತಿಯಿಂದಾಗಿ ನನ್ನ ಅಕ್ಕ ಕಸ್ತೂರಿಯ ಕೊನೆಯ ದಿನಗಳು ನನಗೆ ಸಿಗದೆ ಹೋದವು.

ನೀವು ಕೆಂಪು ಕಲ್ಲಿಗಾಗಿ ತೋಡಿ ಬಿಟ್ಟುಹೋದ ಕ್ವಾರಿಗಳ ಗೋಡೆಯಲ್ಲೇ ನಮ್ಮ ಮನೆಗಳಿವೆ. ಹೊರಗೆ ಬಿಸಿಲು ಕೊಲ್ಲುವಷ್ಟಿದ್ದರೂ ಕಲ್ಲಿನೊಳಗೆ ತಂಪು. ಒಳಕೋಣೆಯಲ್ಲಿ ಮಗ್ಗ, ನಡುವೆ ಒಲೆ, ಬಾಗಿಲ ಪಕ್ಕದ ಗೂಡಿನಲ್ಲಿ ಮಾತಿನ ಪೆಟ್ಟಿಗೆ. ನೀವು ಅದನ್ನು ರೌಟರ್ ಎನ್ನುತ್ತಿದ್ದಿರಿ. ಕಲ್ಲು ಅಲೆಗಳನ್ನು ಬಿಡುವುದಿಲ್ಲವಾದ್ದರಿಂದ ಅದು ಹೊಸ್ತಿಲ ಹತ್ತಿರವೇ ಇರಬೇಕು. ಹೊಸ ಪೆಟ್ಟಿಗೆಗಳನ್ನು ಈಗ ಯಾರೂ ಮಾಡುವುದಿಲ್ಲ. ನಮ್ಮದು ನಿಮ್ಮ ಕಾಲದ್ದೇ, ಏಳು ತಲೆಮಾರು ರಿಪೇರಿ ಮಾಡಿಸಿಕೊಂಡು ಬದುಕಿದೆ. ಅದರ ಒಂದು ಕೊಂಬು ಮೊದಲಿನದು, ಇನ್ನೊಂದು ನಮ್ಮಜ್ಜಿಯ ತಾಮ್ರದ ಸೌಟಿನ ಹಿಡಿ. ಬೆನ್ನಿಗೆ ಐದು ತೂತು: ನಾಲ್ಕು ಮನೆಯೊಳಗಿನ ಯಂತ್ರಗಳಿಗೆ, ಒಂದು ಹೊರಗಿನಿಂದ ಬರುವ ತಂತಿಗೆ. ಐದೂ ನೋಡಲು ಒಂದೇ ಥರ.

ಕಸ್ತೂರಿ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ತೀರಿದ ಮೇಲೆ ನನಗೆ ಎಣ್ಣೆ ಹಚ್ಚಿ ಹೆರಳು ಹಾಕಿದವಳು ಅವಳೇ. ಹತ್ತು ವರ್ಷದ ಹಿಂದೆ ಹಿಮಗೇರಿಗೆ ಹೋದಳು. ಬಿಸಿಲಿಗೆ ಸೋತ ಜನ ಉತ್ತರದ ಬೆಟ್ಟಗಳಲ್ಲಿ ಕಟ್ಟಿಕೊಂಡ ಊರುಗಳಿಗೆ ನಾವು ಹಾಗೆನ್ನುತ್ತೇವೆ. ಕಳೆದ ಯುಗಾದಿಗೆ, ನೀನೂ ಬಂದುಬಿಡು, ಆ ಕಲ್ಲಿನೊಳಗೆ ಎಷ್ಟು ದಿನ ಇರುತ್ತೀ ಎಂದಳು. ಊರು ಬಿಟ್ಟವರು ಊರಲ್ಲಿರುವವರಿಗೆ ಬುದ್ಧಿ ಹೇಳುವುದು ಬೇಡ ಎಂದೆ. ಮಾತಿಗೆ ಮಾತು ಬೆಳೆದು ಇಬ್ಬರೂ ಮಾತು ಬಿಟ್ಟೆವು. ಆದರೆ ನಮ್ಮಲ್ಲಿ ಯಾವ ಜಗಳಕ್ಕೂ ದಸರೆಯ ಆಚೆಗೆ ಆಯುಷ್ಯವಿಲ್ಲ. ದಶಮಿಯ ದಿನ ಬನ್ನಿ ಎಲೆ ಕೊಟ್ಟು, ಬಂಗಾರದಂತೆ ಇರೋಣ ಎಂದರೆ ಮುಗಿಯಿತು. ಚಿಕ್ಕವರು ಮೊದಲು ಕೊಡಬೇಕು, ದೊಡ್ಡವರು ಮರಳಿ ಕೊಡಬೇಕು. ದೂರದವರಿಗೆ ಎಲೆಯ ಚಿತ್ರವನ್ನು ಪೆಟ್ಟಿಗೆಯ ಮೂಲಕ ಕಳಿಸುತ್ತೇವೆ. ನನ್ನ ಸಿಟ್ಟು ವಾರದೊಳಗೇ ಇಳಿದಿತ್ತು, ಬಿಗುಮಾನ ಇಳಿದಿರಲಿಲ್ಲ. ಆರು ತಿಂಗಳು ಆ ಒಂದು ದಿನದ ದಾರಿ ಕಾದೆ.

ದಶಮಿಯ ಹಿಂದಿನ ದಿನ ಖಂಡೇಪೂಜೆ, ಅಂದರೆ ಆಯುಧಪೂಜೆ. ಕುಡುಗೋಲು, ಮಗ್ಗದ ಲಾಳಿ, ಮಾತಿನ ಪೆಟ್ಟಿಗೆ ಎಲ್ಲವನ್ನೂ ಒರೆಸಿ, ಕುಂಕುಮವಿಟ್ಟು, ಚೆಂಡುಹೂ ಏರಿಸುತ್ತೇವೆ. ಪೆಟ್ಟಿಗೆಯ ತಂತಿ ಬಿಚ್ಚಿ ಒರೆಸಿದವಳು ನಾನೇ. ಮರಳಿ ಜೋಡಿಸುವಾಗ ಹೊರಗಿನ ತಂತಿಯನ್ನು ಅದರ ತೂತು ಬಿಟ್ಟು ಪಕ್ಕದ್ದಕ್ಕೆ ಚುಚ್ಚಿದೆ. ಟಕ್ಕೆಂದು ಕೂತಿತು. ಅದಕ್ಕೆ ಅರಿಸಿನದ ದಾರವನ್ನೂ ಕಟ್ಟಿದೆ. ಪೂಜೆಗೆ ಕೂತ ಆಯುಧವನ್ನು ದಶಮಿಯಾಗಿ ಐದು ದಿನಕ್ಕೆ ಬರುವ ಸೀಗಿ ಹುಣ್ಣಿಮೆಯವರೆಗೆ ಬಳಸಬಹುದು, ಅಲುಗಿಸಬಾರದು ಎಂಬುದು ನಮ್ಮ ಮನೆಯ ಕಟ್ಟು. ಪೆಟ್ಟಿಗೆಯ ಮುಂದಿನ ದೀಪಗಳಲ್ಲಿ ಒಂದು ಕೆಂಪಗಿತ್ತು. ಅದರ ಮೇಲೆ ನಾನು ದೊಡ್ಡ ಕುಂಕುಮದ ಬೊಟ್ಟು ಇಟ್ಟಿದ್ದೆ. ಹಸಿರು ದೀಪವೇ ಕುಂಕುಮದಿಂದಾಗಿ ಕೆಂಪಾಗಿ ಕಾಣುತ್ತಿದೆ ಎಂದುಕೊಂಡು ಕೈಮುಗಿದೆ.

ದಶಮಿಯ ಬೆಳಿಗ್ಗೆ ಮಿಂದು, ಮಡಿ ಸೀರೆ ಉಟ್ಟು ಅಕ್ಕನಿಗೆ ಬನ್ನಿ ಕಳಿಸಿದೆ. ಕೈಫಲಕದಲ್ಲಿ, ಅಂದರೆ ನಾವು ಅಂಗೈಯಲ್ಲಿ ಹಿಡಿದು ಮಾತಾಡುವ ಬಿಲ್ಲೆಯಲ್ಲಿ, ಹಸಿರು ಚುಕ್ಕೆ ಮೂಡಿತು. ಪೆಟ್ಟಿಗೆಯವರೆಗೆ ಹೋಗಿದೆ ಎಂದಷ್ಟೇ ಆ ಚುಕ್ಕೆ ಹೇಳುತ್ತದೆಂದು ನನಗೆ ಗೊತ್ತಿರಲಿಲ್ಲ, ಹಿಮಗೇರಿಗೇ ಹೋಯಿತೆಂದು ನಂಬಿದೆ. ಸಂಜೆಯಾದರೂ ಮರುಬನ್ನಿ ಬರಲಿಲ್ಲ. ಮರುದಿನವೂ ಇಲ್ಲ. ಕೈಫಲಕವನ್ನು ಆರಿಸಿ ಹಚ್ಚಿದೆ, ಅದನ್ನು ಹಿಡಿದು ಪೆಟ್ಟಿಗೆಯ ಹತ್ತಿರ ಹೋಗಿ ನಿಂತೆ, ಪಕ್ಕದ ಮನೆಯವರನ್ನು ಕೇಳಿದೆ. ಅವರಿಗೆ ಎಲ್ಲ ಬರುತ್ತಿತ್ತು. ಅಂದ ಮೇಲೆ ದೋಷ ಅಕ್ಕನದೇ ಎಂದು ತೀರ್ಮಾನಿಸಿದೆ. ನನ್ನ ಗಂಡ ಸಂಗಯ್ಯ ಮೂರನೆಯ ದಿನ, “ಪೆಟ್ಟಿಗಿ ಹಿಂದ ಒಮ್ಮೆ ನೋಡ್ಲೇನು? ಯಾರದೂ ಏನೂ ಬಂದಿಲ್ಲ” ಎಂದ. “ಹಬ್ಬದಾಗ ಎಲ್ಲಾರೂ ಸುಮ್ಮನ ಇರ್ತಾರ. ನೀವು ದಾರ ಮುಟ್ಟಬ್ಯಾಡ್ರಿ. ಅಕ್ಕಗ ಸೊಕ್ಕು ಬಂದೈತಿ” ಎಂದೆ. ಅವನ ಕೈ ಹಿಡಿದು ಹಿಂದಕ್ಕೆ ಎಳೆದದ್ದೂ ನೆನಪಿದೆ. ನಾಲ್ಕನೆಯ ದಿನ ತಡೆಯಲಾರದೆ ಅಕ್ಕನಿಗೆ ಇನ್ನೊಂದು ಸಾಲು ಬರೆದೆ: ಬನ್ನಿ ಕೊಡದಷ್ಟು ದೊಡ್ಡವಳಾದರೆ ಇಂದಿನಿಂದ ನನಗೆ ಅಕ್ಕ ಇಲ್ಲ. ಅದಕ್ಕೂ ಹಸಿರು ಚುಕ್ಕೆ ಮೂಡಿತು.

ಸೀಗಿ ಹುಣ್ಣಿಮೆಯಂದು ಹೂ ತೆಗೆದು ಕುಂಕುಮ ಒರೆಸಿದೆ. ದೀಪ ಆಗಲೂ ಕೆಂಪಗೇ ಇತ್ತು. ಸಂಗಯ್ಯ ಪೆಟ್ಟಿಗೆ ತಿರುಗಿಸಿ ನೋಡಿ, ದಾರ ಕತ್ತರಿಸಿ ತಂತಿಯನ್ನು ಸರಿಯಾದ ತೂತಿಗೆ ಹಾಕಿದ. ಇಷ್ಟೇ ಕೆಲಸ. ದೀಪ ಹಸಿರಾಯಿತು, ಕೈಫಲಕ ನಡುಗತೊಡಗಿತು. ಅಕ್ಕನ ಮಾತುಗಳು ಸಾಲಾಗಿ ಬಂದವು. ದಶಮಿಯ ಬೆಳಿಗ್ಗೆ, ದೊಡ್ಡವಳಾಗಿಯೂ, ರೂಢಿ ಮುರಿದು ಅವಳೇ ಮೊದಲು ಬನ್ನಿ ಕಳಿಸಿದ್ದಳು. ಮರುದಿನ, ಸ್ವಲ್ಪ ಮೈ ಬೆಚ್ಚಗಿದೆ ಎಂದಿದ್ದಳು. ಆಮೇಲೆ, “ಜ್ವರಾ ಏರೈತಿ ದಾಕ್ಷಿ. ತೇಲುಬಂಡಿ ಹತ್ತಿದ್ರ ಒಂದೂವರಿ ದಿನದ ದಾರಿ. ಬರ್ತೀಯೇನ?” ಅದರಾಚೆ ಒಂದೇ ಪದ, “ಅದೀಯಾ?” ಅಷ್ಟೇ. ಹಿಂದಿನ ಸಂಜೆಯೇ ಅವಳು ತೀರಿಕೊಂಡಿದ್ದಳೆಂದು ಆಮೇಲೆ ತಿಳಿಯಿತು. ನಾನು ಓದುತ್ತಿದ್ದ ಹೊತ್ತಿಗೆ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿದ್ದ ನನ್ನ ಬನ್ನಿಯೂ, ಅದರ ಬೆನ್ನಿಗೆ ಆ ಕೆಟ್ಟ ಸಾಲೂ ಹೊರಟು, ಹೆಣದ ಪಕ್ಕದಲ್ಲಿದ್ದ ಅವಳ ಕೈಫಲಕಕ್ಕೆ ಹೋಗಿ ಬಿದ್ದವು. ಅವಳು ಅದನ್ನು ಓದಲಿಲ್ಲವಲ್ಲ ಎಂಬ ಒಂದು ಸಮಾಧಾನವನ್ನೂ ಆ ತಪ್ಪು ತಂತಿಯೇ ನನಗೆ ಕೊಟ್ಟಿದೆ, ಇದಕ್ಕೆ ಅಳಬೇಕೋ ನಗಬೇಕೋ ತಿಳಿಯದು.

ಓದಿದವಳು ನಸೀಮಾ, ಅಕ್ಕನ ಜೊತೆ ಒಂದೇ ಕೋಣೆಯಲ್ಲಿದ್ದ ಬೀದರದವಳು. ಅವಳು ನನ್ನನ್ನು ಬೈಯಬಹುದಿತ್ತು, ಬೈಯಲಿಲ್ಲ. ಅಕ್ಕ ಕೊನೆಯವರೆಗೂ ಹೇಳುತ್ತಿದ್ದ ಮಾತನ್ನು ಹಾಗೇ ಬರೆದು ಕಳಿಸಿದಳು: “ನಮ್ಮ ದಾಕ್ಷಿ ಬನ್ನಿ ಕೊಡಲಾರದ ಇರಾಕಿ ಅಲ್ಲ. ಆಕಿ ಮನ್ಯಾಗ ತಂತಿ ಏನರ ಕೆಟ್ಟಿರಬೇಕು.” ಜ್ವರದಲ್ಲಿ ಅಷ್ಟು ದೂರ ಮಲಗಿದ್ದವಳಿಗೆ ಹೊಳೆದದ್ದು, ಪೆಟ್ಟಿಗೆಯ ಮುಂದೆಯೇ ಕೂತಿದ್ದ ನನಗೆ ಹೊಳೆಯಲಿಲ್ಲ. ಅವಳು ತಂತಿಯನ್ನು ಅನುಮಾನಿಸಿದಳು, ನಾನು ಅವಳನ್ನು ಅನುಮಾನಿಸಿದೆ.

ಈಗ ನನ್ನ ಬೇಡಿಕೆ. ನಮ್ಮ ಮನೆಯ ಈ ಪೆಟ್ಟಿಗೆ ಇಂದು ನಿಮ್ಮಲ್ಲಿ ಯಾರದೋ ಮನೆಯಲ್ಲಿ ಹೊಸದಾಗಿ ಕೂತಿದೆ. ಯಾರ ಮನೆಯೆಂದು ತಿಳಿಯದ ಕಾರಣ ಎಲ್ಲರನ್ನೂ ಕೇಳುತ್ತಿದ್ದೇನೆ. ದಯವಿಟ್ಟು ಎದ್ದುಹೋಗಿ, ಹೊರಗಿನ ತಂತಿ ಸೇರುವ ತೂತಿನ ಪಕ್ಕದಲ್ಲಿ ಮೊಳೆಯಿಂದ ಒಂದು ಗೀರು ಹಾಕಿ. ಇನ್ನೂರು ವರ್ಷ ಒರೆಸಿದರೂ ಅಳಿಯದಷ್ಟು ಆಳವಾಗಿ ಹಾಕಿ. ಖಂಡೇಪೂಜೆಯ ದಿನ ನನ್ನ ಬೆರಳಿಗೆ ಅದು ತಾಕಿದರೆ ಸಾಕು, ನಾನು ಆ ಬಂಡಿ ಹತ್ತಿರುತ್ತೇನೆ. ಹಾಗಾದರೆ ಈ ಕಾಗದ ಬರೆಯುವ ಪ್ರಮೇಯವೇ ಬರುವುದಿಲ್ಲ, ನಿಮಗಿದು ತಲುಪುವುದೂ ಇಲ್ಲ. ತಲುಪಿದೆಯೆಂದರೆ ಯಾರೂ ಗೀರು ಹಾಕಲಿಲ್ಲ ಎಂದೇ ಅರ್ಥ. ಅದನ್ನು ತಿಳಿದೂ ಕೇಳುತ್ತಿದ್ದೇನೆ. ಹಾಕಿ.

ಕಸ್ತೂರಿಯ ತಂಗಿ,
ದಾಕ್ಷಾಯಣಿ